ಬೆನ್ನಿರುವ ಜೀನು

ಸೆಪ್ಟೆಂಬರ್ 9. ಬೆಳಿಗ್ಗೆ 5

ಹೆಂಡತಿ ಸೆರ್ಮಾಳನ್ನು ಎಡಕ್ಕೆ ಹೊರಳಿಸಿದೆ. ಸೊಂಟದ ಮೇಲಿನ ಕೆಂಪು ಕಲೆ ಮಾಯುತ್ತಿದೆ. ಚಹಾಕ್ಕೆ ಹಾಲು, ಉಪ್ಪು. ಬೆರಣಿ ಹಸಿ, ಗುಡಾರದ ತುಂಬ ಹೊಗೆ. ಕಣ್ಣು ಮುಚ್ಚಿಕೊಂಡೇ ಬೈದಳು.

ಹೊರಳಿಸಿದ ಹೊತ್ತು ಬರೆದಿಡಿ ಎಂದು ನರ್ಸ್ ಕೊಟ್ಟ ನೋಟ್‌ಬುಕ್ ಇದು. ಹದಿನಾಲ್ಕು ತಿಂಗಳಾಯಿತು. ಈಗ ಏನೇನೋ ಸೇರಿಕೊಳ್ಳುತ್ತಿದೆ.

ಅದೇ ದಿನ, ಸಂಜೆ

ಶಾಲೆಯಲ್ಲಿ ಏಳು ಬೆಂಚು ರಿಪೇರಿ ಮಾಡಿ ಬಂದೆ. ಹಾಸಿಗೆಯ ಪಕ್ಕದಲ್ಲಿ ಕುರಿ. ಅದರ ಬಾಯೊಳಗೆ ನನ್ನ ಹೆಂಡತಿಯ ಮಣಿಕಟ್ಟಿನವರೆಗಿನ ಕೈ. ಮೂಳೆ ಸಿಕ್ಕಿಕೊಂಡಿತ್ತಂತೆ. ತಾಲೂಕಿಗೆ ಅವಳ ಜಾಗದಲ್ಲಿ ಬಂದ ದನಕುರಿ ಡಾಕ್ಟರು ಒಂದೇ ಚಳಿಗಾಲ ನೋಡಿ ಪಟ್ಟಣಕ್ಕೆ ಓಡಿಹೋದರು. ಎಲ್ಲರೂ ಮತ್ತೆ ಇಲ್ಲಿಗೇ.

ಕುರಿ ತಂದವನು ಉತ್ತರದ ಹುಲ್ಲುಗಾವಲಿನ ಶಾಗ್ದರ್ ಅಜ್ಜ. ಚಹಾ ಹೀರುತ್ತಾ ಹೇಳಿದ: "ಕುರಿನ ಹೊತ್ಕೊಂಡ್ ಬಂದೆ ಡಾಕ್ಟ್ರಮ್ಮ. ಒಂಟೆ ಕಾಯಿಲೆ ಬಿದ್ರೆ ಏನ್ ಮಾಡ್ಲಿ? ಅದನ್ನೂ ಹೊರ್ಲಾ?"

"ನಾನೇ ಬರ್ತೀನಿ."

"ಹೆಂಗೆ?"

"ಹೆಂಗೆ ಅಂದ್ರೆ? ಕುದುರೆ ಮೇಲೆ."

ಅಜ್ಜ ನಕ್ಕ. ನಾನೂ ನಕ್ಕೆ. ಅವಳು ನಗಲಿಲ್ಲ.

ಸೆಪ್ಟೆಂಬರ್ 10

"ನೀನು ಬಡಗಿ ತಾನೆ? ಕುರ್ಚಿಗೆ ಬೆನ್ನು ಮಾಡ್ತೀಯ. ಜೀನಿಗೆ ಯಾಕೆ ಮಾಡಲ್ಲ?"

ಮಾಡುವುದಿಲ್ಲ ಎಂದೆ. ಅವಳನ್ನು ಹೀಗೆ ಮಲಗಿಸಿದ್ದು ಕುದುರೆಯೇ. ಓಡುತ್ತಿದ್ದಾಗ ಬಿಲದಲ್ಲಿ ಕಾಲು ಸಿಕ್ಕಿ ಮುಗ್ಗರಿಸಿತು. ಇವಳು ಬಂಡೆಗೆ ಬೆನ್ನು ಬಡಿದು ಬಿದ್ದಳು. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಎಕ್ಸ್‌ರೇ ನೋಡಿದ ಡಾಕ್ಟರ್ ನನ್ನನ್ನು ಮಾತ್ರ ಹೊರಗೆ ಕರೆದು ಮಾತಾಡಿದ್ದರು... ಅದನ್ನೆಲ್ಲ ಮತ್ತೆ ಬರೆಯುವುದು ಬೇಡ.

ಸೆಪ್ಟೆಂಬರ್ 16

ಮಾತು ಬಿಟ್ಟು ಆರು ದಿನ. ಚಹಾ ಬೇಕಾದರೆ ಬಟ್ಟಲು ತಟ್ಟುತ್ತಾಳೆ. ಪಕ್ಕದ ಗುಡಾರದವರ ಜೊತೆ ಮಾತ್ರ ಜೋರು ಹರಟೆ — ನನಗೆ ಕೇಳಲಿ ಎಂದೇ.

ಬರ್ಚ್ ಮರದ ಹಲಗೆ ತಂದೆ. ಎದೆಯೆತ್ತರ ಬೆನ್ನು. ಎರಡು ಬೆಲ್ಟ್, ಒಂದೇ ಎಳೆತಕ್ಕೆ ಬಿಚ್ಚುವಂಥವು. ಕೆಳಗೆ ನಾಲ್ಕು ಪದರ ಕಂಬಳಿ, ಇಲ್ಲದಿದ್ದರೆ ಚರ್ಮ ಒಡೆಯುತ್ತದೆ, ಅವಳಿಗೆ ಗೊತ್ತೂ ಆಗುವುದಿಲ್ಲ. ಗರಗಸದ ಸದ್ದು ಕೇಳಿ ಒಳಗಿನಿಂದ ಕೂಗಿದಳು: "ಎಡಗಡೆ ಅರ್ಧ ಇಂಚು ಎತ್ತರ ಇರ್ಲಿ, ನಾನು ಆ ಕಡೆ ವಾಲ್ತೀನಿ!"

ಆರು ದಿನದ ಮೇಲೆ ಮೊದಲ ಮಾತು ಇದು.

ಅಕ್ಟೋಬರ್ 4

ಲಾರಿಯ ಹಿಂಬಾಗಿಲು ಇಳಿಸಿ ಅಲ್ಲಿಂದ ಬೂದು ಕುದುರೆಯ ಮೇಲೆ ಕೂರಿಸಿದೆ. ಹದಿನಾರು ವರ್ಷದ ಕುದುರೆ, ಸ್ವಭಾವ ಸಾಧು. ಆದರೂ ಗೊಂದಲ. ಹಿಮ್ಮಡಿ ತಾಗದೆ ಯಾವ ಕುದುರೆ ಹೊರಡುತ್ತದೆ? ಇವಳು ಎರಡೂ ಕೈಯಲ್ಲಿ ಕೋಲು ಹಿಡಿದು, ಕಾಲಿನ ಜಾಗದಲ್ಲಿ ಮೆಲ್ಲಗೆ ತಟ್ಟಿ ಹೇಳಿಕೊಟ್ಟಳು. ನಾಲ್ಕು ಹೆಜ್ಜೆ ಹಾಕಿತು. ನಿಂತಿತು. ಕತ್ತು ತಿರುಗಿಸಿ ಅವಳನ್ನೇ ನೋಡಿತು.

"ಏನ್ ನೋಡ್ತೀಯಾ? ನಾನೇ ಕಣೋ."

ನಾನು ಕುದುರೆಯ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡೆ. ಅವಳು ಮತ್ತೆ ಕೋಲು ತಟ್ಟಿದಳು.

ಅಕ್ಟೋಬರ್ 21

ಬಿದ್ದಳು. ಹೊಟ್ಟೆಪಟ್ಟಿ ಸಡಿಲವಾಗಿ ಜೀನೇ ಹೊರಳಿತು. ತಪ್ಪು ನನ್ನದು. ಅವಳ ಮೊಣಕೈ ತರಚಿಹೋಗಿದೆ. ಓಡಿದೆ. ಅಂಗಾತ ಬಿದ್ದು ಆಕಾಶ ನೋಡುತ್ತಿದ್ದಾಳೆ.

"ಸಾಕು, ಇನ್ನು ಬೇಡ" ಎಂದೆ.

"ಸರಿ, ಇವತ್ತಿಗೆ ಸಾಕು" ಎಂದಳು.

ನವೆಂಬರ್ 30

ದಿನಾ ಮೂರು ಗಂಟೆ. ಹಗ್ಗ ಬಿಟ್ಟು ಹತ್ತು ದಿನವಾಯಿತು. ಇಂದು ನಾಗಾಲೋಟ. ನನ್ನ ಕಣ್ಣೆದುರೇ ದಿಬ್ಬ ಹತ್ತಿ ಆಚೆ ಇಳಿದಳು. ಧೂಳು ಮಾತ್ರ ಉಳಿಯಿತು. ತಿರುಗಿ ಬಂದಾಗ ಮುಖ ಕೆಂಪು, ಟೋಪಿ ಇಲ್ಲ. ಹುಡುಕಲು ನಾನು ಹೋಗಬೇಕಾಯಿತು.

ಈ ನೋಟ್‌ಬುಕ್ಕಿನಲ್ಲಿ ಹೊರಳಿಸಿದ ಹೊತ್ತು ಬರೆದು ಮೂರು ವಾರ. ತಾನೇ ಹೊರಳುತ್ತಾಳೆ.

ಜನವರಿ 28

ಬೆಟ್ಟದಾಚೆ ಕುರಿಗಳಿಗೆ ಸಿಡುಬು. ಒಂಬತ್ತು ಮನೆತನ, ನಾಲ್ಕು ಸಾವಿರ ಕುರಿ. ಲಸಿಕೆ ಬಂದು ಇಲ್ಲಿ ಕೂತಿದೆ. ಲಾರಿ ದಾರಿ ಹಿಮದಡಿ. ಸುದ್ದಿ ತಂದವನು ಶಾಗ್ದರ್ ಅಜ್ಜ. ಅವನ ಮಗಳು ಆ ಕಡೆಯವಳು. ಬಟ್ಟಲು ಹಿಡಿದು ಕೂತೇ ಇದ್ದ.

"ಯಾವಾಗ ಹೊರಡೋಣ ಅಜ್ಜ?" ಎಂದಳು.

ನನ್ನದು ಒಂದೇ ಷರತ್ತು. ಗಂಟೆಗೊಮ್ಮೆ ನಿಲ್ಲಬೇಕು. ಬೂಟು ಬಿಚ್ಚಿ ಪಾದ ನೋಡಬೇಕು. ಚಳಿಗೆ ಪಾದ ಸತ್ತರೂ ಅವಳಿಗೆ ತಿಳಿಯುವುದಿಲ್ಲ. ನೋಡುವವನು ನಾನು. ಒಪ್ಪಿದಳು.

ಫೆಬ್ರವರಿ 2. ಬೆಟ್ಟದ ಬುಡ, ಚಳಿಗಾಲದ ಬೀಡು

ಎಡವಟ್ಟಾಯಿತು. ಮಂಜುಗಡ್ಡೆಯ ಮೇಲೆ ನನ್ನ ಕುದುರೆ ಜಾರಿತು. ನನ್ನ ಮಂಡಿ ಕುಂಬಳಕಾಯಿಯಂತೆ ಊದಿದೆ. ಸೆರ್ಮಾ ಒತ್ತಿ ನೋಡಿದಳು. "ಮುರಿದಿಲ್ಲ. ಆದ್ರೆ ನೀನು ಇಲ್ಲೇ."

"ಹಾಗಾದ್ರೆ ನೀನೂ ಇಲ್ಲೇ. ಪಾದ ನೋಡೋರ್ಯಾರು?"

ಅಜ್ಜನ ಕಡೆ ತಿರುಗಿದಳು. ಅಜ್ಜ ಒಲೆಯ ಕಡೆ ತಿರುಗಿದ.

"ಪರಹೆಂಗಸಿನ ಬರಿಗಾಲು ನಾನು ಮುಟ್ಟೋದಾ? ಎಪ್ಪತ್ತೊಂದನೇ ವಯಸ್ಸಲ್ಲಿ?"

"ಕುರಿ ಕಾಲು ಅಂದ್ಕೋ."

"ಕುರಿ ಇಷ್ಟು ಬೈಯಲ್ಲ."

ಹೊರಟೇಬಿಟ್ಟರು. ಲಸಿಕೆ ಹೆಪ್ಪುಗಟ್ಟಬಾರದೆಂದು ಸೀಸೆಗಳನ್ನು ತುಪ್ಪಳದ ಕೋಟಿನೊಳಗೆ ಎದೆಗೆ ಕಟ್ಟಿಕೊಂಡಿದ್ದಾಳೆ. ಬಾಗಿಲಿಗೆ ಒರಗಿ ನೋಡಿದೆ. ಆ ಎತ್ತರದ ಜೀನು ಬಹಳ ದೂರದವರೆಗೂ ಕಾಣಿಸುತ್ತದೆ. ಒಮ್ಮೆಯೂ ತಿರುಗಿ ನೋಡಲಿಲ್ಲ.

ಫೆಬ್ರವರಿ 4

ಮೈನಸ್ ಮೂವತ್ತಾರು. ಈ ಬೀಡಿನ ಮುದುಕಿ ಬೆಂಕಿಯಲ್ಲಿ ಕಲ್ಲು ಕಾಯಿಸಿ ನನ್ನ ಮಂಡಿಗೆ ಶಾಖ ಕೊಡುತ್ತಾಳೆ. ಫೋನ್‌ಗೆ ಸಿಗ್ನಲ್ ಇಲ್ಲ.

ಫೆಬ್ರವರಿ 6

ಬಿರುಗಾಳಿ. ಹೊರಗೆ ತನ್ನ ಕೈ ತನಗೇ ಕಾಣದು. ಒಂದು ಗಂಟೆಯಾದಾಗಲೆಲ್ಲ ಎಚ್ಚರವಾಗುತ್ತಿದೆ — ಈಗ ಬೂಟು ಬಿಚ್ಚಬೇಕು... ಈಗ...

ಫೆಬ್ರವರಿ 7

ಗಾಳಿ ನಿಂತಿಲ್ಲ.

ಫೆಬ್ರವರಿ 11. ಮಧ್ಯಾಹ್ನ

ಬಂದರು.

ಅಜ್ಜ ಕುದುರೆಯಿಂದ ಇಳಿಯುವ ಮೊದಲೇ ಹೇಳಿದ: "ತಪ್ಪಾಯ್ತು ಲುವ್ಸನ್. ಬೆಟ್ಟದ ತುದಿಯಲ್ಲಿ ಮೂರು ಗಂಟೆ ನಿಲ್ಲೋಕೇ ಆಗ್ಲಿಲ್ಲ. ನಿಂತಿದ್ರೆ ಇಬ್ರೂ ಹೋಗ್ತಿದ್ವಿ." ಅವನ ಗಡ್ಡದಲ್ಲಿ ಮಂಜು. ಕಣ್ಣು ಒದ್ದೆ.

ಅವಳ ಬೂಟು ಬಿಚ್ಚಿದೆ. ಬಲಗಾಲಿನ ಕಡೆಯ ಎರಡು ಬೆರಳು ಕಪ್ಪು.

ಅವಳೂ ನೋಡಿದಳು. "ಮೂರು ಸಾವಿರದ ಆರ್ನೂರ ನಲವತ್ತು ಕುರಿಗೆ ಚುಚ್ಚಿದೆ" ಎಂದಳು. ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋದಳು. ಬಟ್ಟಲು ಕೈಯಲ್ಲೇ ಇತ್ತು.

ಉಳಿದದ್ದು ಅಜ್ಜ ಹೇಳಿದ್ದು. ಹಿಮದ ಮೇಲೆ ಕಂಬಳಿ ಹಾಸಿ ಕೂತಳಂತೆ. ಬೇಲಿಯ ಸಂದಿಯಿಂದ ಒಂದೊಂದಾಗಿ ಕುರಿ ನುಗ್ಗಿಸಿದರಂತೆ. ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ, ನಾಲ್ಕು ದಿನ. ಗಂಡಸರು ಪಾಳಿ ಬದಲಾಯಿಸಿದರು. ಇವಳು ಬದಲಾಗಲಿಲ್ಲ. ಮೊದಲ ದಿನ ಇವಳನ್ನು ಕುದುರೆಯಿಂದ ಇಳಿಸುವಾಗ ಮುಖ ತಿರುಗಿಸಿ ನಿಂತವರು, ಹೊರಡುವ ದಿನ ಕೂರಿಸಲು ನಾನು ತಾನು ಎಂದು ಜಗಳವಾಡಿದರಂತೆ. ನಾನು ಅಲ್ಲಿರಲಿಲ್ಲ. ಜೀವನವಿಡೀ ಇದೊಂದು ಹೊಟ್ಟೆಕಿಚ್ಚು ಇರುತ್ತದೆ ನನಗೆ.

ಫೆಬ್ರವರಿ 19. ಪ್ರಾಂತ್ಯದ ಆಸ್ಪತ್ರೆ

ಎರಡು ಬೆರಳು ತೆಗೆದರು.

"ಸೋಮಾರಿಗಳು. ಹೇಗೂ ಸುಮ್ನೆ ಕೂತಿದ್ವು" ಎಂದಳು. ನರ್ಸ್ ನಕ್ಕಳು. ನನಗೆ ಆಗಲಿಲ್ಲ. ನಾನು ನಿನ್ನನ್ನು ಕಳಿಸಬಾರದಿತ್ತು ಎಂದುಬಿಟ್ಟೆ.

ನನ್ನ ಕೈ ಹಿಡಿದಳು. ಸಿಟ್ಟಿಲ್ಲ. "ನೀನು ಕಳಿಸಿದ್ದಲ್ಲ ಲುವ್ಸನ್. ನಾನು ಹೋಗಿದ್ದು."

ಡಾಕ್ಟರ್ ಹೇಳಿದರು, ಚಳಿಗಾಲದಲ್ಲಿ ಇನ್ನು ಮೇಲೆ ಇದೆಲ್ಲ ಬೇಡ.

"ಬೇಸಿಗೆಯಲ್ಲಿ?" ಎಂದಳು.

ಮೇ 15

ಕುರಿ, ಕುದುರೆ ಈಯುವ ಕಾಲ. ಅವಳು ಮನೆಯಲ್ಲಿಲ್ಲ. ನಾನು ಬೆಂಚು ಮಾಡುತ್ತಿದ್ದೇನೆ.

ಜೂನ್ 30. ಹೊಳೆಯ ದಡ. ಬಿಸಿಲು

ಬೇಸಿಗೆಯ ಸುತ್ತು. ಏಳು ವಾರ, ಹದಿನೇಳು ಬೀಡು. ಅಜ್ಜನ ಜೊತೆ ನಾನೂ ಹೊರಟೆ. ಔಷಧಿ ಪೆಟ್ಟಿಗೆ ಹೊರಲು ಎಂದೆ. ನಿಜ ಹೇಳಬೇಕೆಂದರೆ, ಈ ಸಲ ನಾನೂ ಅಲ್ಲಿರಬೇಕು.

ಬೆಟ್ಟದ ಹಿಮ ಕರಗಿ ಹೊಳೆ ಉಕ್ಕಿದೆ. ಹಾಯುವ ಜಾಗದಲ್ಲೂ ಕುದುರೆಗೆ ನೆಲ ಸಿಗುವುದಿಲ್ಲ. ಆಚೆ ದಡದಲ್ಲಿ ಬೆಳಗಿನಿಂದ ಈಯಲಾರದೆ ನರಳುವ ಕುದುರೆ, ಅದರ ಪಕ್ಕ ಮಂಡಿಯೂರಿದ ಹೆಂಗಸು. ಇಲ್ಲಿಂದಲೇ ಕಾಣುತ್ತಿದೆ.

ಅಜ್ಜ ನೀರಿಗೆ ಕೋಲು ಚುಚ್ಚಿ ತಲೆಯಾಡಿಸಿದ. "ನಾಳೆ ನೋಡೋಣ."

"ಅದಕ್ಕೆ ನಾಳೆ ಇಲ್ಲ" ಎಂದಳು ಸೆರ್ಮಾ.

ಎರಡೂ ಬೆಲ್ಟ್ ಎಳೆದು ಬಿಚ್ಚಿದಳು. ಉಪಕರಣದ ಚೀಲ ತಲೆಗೆ ಕಟ್ಟಿಕೊಂಡಳು. ಬೂದು ಕುದುರೆಯನ್ನು ನೀರಿಗಿಳಿಸಿದಳು. ನಡುಹೊಳೆಯಲ್ಲಿ ಜೀನಿನಿಂದ ಜಾರಿದಳು... ನಾನು ಕೂಗಿದೆ. ಜಾರಿದ್ದಲ್ಲ, ಬೇಕೆಂದೇ. ಕುತ್ತಿಗೆಯ ಕೂದಲು ಹಿಡಿದು ಕುದುರೆಯ ಪಕ್ಕದಲ್ಲಿ ತೇಲಿದಳು. ನೆಲದ ಮೇಲೆ ಮೂಟೆಯಂತೆ ಎತ್ತಿಡಬೇಕಾದ ಆ ಕಾಲುಗಳು ನೀರಿನಲ್ಲಿ ಹಗುರಾಗಿ ಹಿಂದೆ ಹಿಂದೆ ಬರುತ್ತಿದ್ದವು. ಸೆಳೆತ ಅವಳನ್ನು ಕೆಳಗೆ ಒಯ್ದಿತು. ಎಲ್ಲಿ ದಡ ಹತ್ತುವುದು ಎಂದು ಮೊದಲೇ ಗುರುತು ಮಾಡಿಕೊಂಡಿದ್ದಳು. ಅಲ್ಲೇ ಹತ್ತಿದಳು.

ಆ ಹೆಂಗಸು ಓಡಿ ಬಂದು ಎಳೆದುಕೊಂಡಳು. ಸೆರ್ಮಾ ತೋಳೂರಿ ತೆವಳಿಕೊಂಡೇ ಕುದುರೆಯ ಬಳಿ ಹೋದಳು. ಈಗ ಅರ್ಧ ಗಂಟೆಯಾಯಿತು. ಅವಳ ಬೆನ್ನು ಮಾತ್ರ ಕಾಣುತ್ತದೆ.

ಮರಿ ಹೊರಬಂತು! ಅಲುಗಾಡುತ್ತಿದೆ. ಅಜ್ಜ ಟೋಪಿ ಮೇಲಕ್ಕೆಸೆದ. ಅದು ಹೊಳೆಯಲ್ಲಿ ಹೋಯಿತು.

ಅಲ್ಲಿಂದ ಕೂಗುತ್ತಿದ್ದಾಳೆ. ಔಷಧಿ ಪೆಟ್ಟಿಗೆ ಬೇಕಂತೆ, ತಾಯಿ ಕುದುರೆಗೆ ರಕ್ತ ನಿಲ್ಲುತ್ತಿಲ್ಲವಂತೆ. ಪೆಟ್ಟಿಗೆ ನನ್ನ ಬೆನ್ನ ಮೇಲಿದೆ. ಈ ದಡದಲ್ಲಿ ಎತ್ತರದ, ಪ್ರಾಯದ ಕುದುರೆ ನನ್ನದೊಂದೇ. ನನಗೆ ಈಜು ಬಾರದು. ಅವಳಿಗೆ ಅದು ಗೊತ್ತು.

"ಬರ್ತೀಯೋ ಇಲ್ವೋ?"

"ಹೇಗೆ ಬರ್ಲಿ?"

"ಕೂದಲು ಗಟ್ಟಿಯಾಗಿ ಹಿಡ್ಕೋ! ಕುದುರೆಗೆ ಗೊತ್ತು ದಾರಿ! ಕಾಲು ಇದೆ ಅನ್ನೋದನ್ನೇ ಮರ್ತುಬಿಡು!"

ಅಜ್ಜ ನನ್ನ ಬೂಟು ಬಿಚ್ಚುತ್ತಿದ್ದಾನೆ. ಈ ನೋಟ್‌ಬುಕ್ ಅವನ ಕೈಗೆ ಕೊಟ್ಟು ನೀರಿಗೆ...