ನೆಲಮಾಳಿಗೆಯ ನೀರು ಒಡೆದ ಪೈಪಿನದಲ್ಲ

ಬ್ಯೂನಸ್ ಐರಿಸ್‌ನ ದಕ್ಷಿಣ ಹೊರವಲಯದ ನೀರು ಸರಬರಾಜಿನ ಮುಖ್ಯ ಎಂಜಿನಿಯರ್ ಅವರಿಗೆ,

ಮಾನ್ಯರೇ,

ನಮ್ಮ ಬೀದಿಯ ಹದಿನೇಳು ಮನೆಗಳ ನೆಲಮಾಳಿಗೆಗೆ ನೀರು ನುಗ್ಗಿದೆ. ಹದಿನೇಳು ಮನೆಯವರೂ ತಮಗೆ ಅರ್ಜಿ ಬರೆದರು. ತಾವು ಕೃಪೆಯಿಟ್ಟು ಎಲ್ಲರಿಗೂ ಒಂದೇ ಉತ್ತರ ದಯಪಾಲಿಸಿದ್ದೀರಿ: "ತಮ್ಮ ಮನೆಯೊಳಗಿನ ಪೈಪು ಒಡೆದಿರಬಹುದು, ಪರೀಕ್ಷಿಸಿಕೊಳ್ಳತಕ್ಕದ್ದು." ಹದಿನೇಳು ಮನೆಗಳ ಪೈಪುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಡೆದವೇ? ಇಂಥ ಒಗ್ಗಟ್ಟನ್ನು ನಮ್ಮ ಬೀದಿಯ ಮನುಷ್ಯರಲ್ಲೂ ನಾನು ಕಂಡಿಲ್ಲ.

ಆದರೆ ತಮ್ಮನ್ನು ಪೂರ್ತಿ ಬೈಯುವ ಯೋಗ್ಯತೆ ನನಗಿಲ್ಲ. ಈ ಸುಳ್ಳನ್ನು ತಮಗಿಂತ ಮೊದಲು ಹೇಳಿದವನು ನಾನು.

ತಮ್ಮದೇ ಇಲಾಖೆಯ ಪಂಪ್‌ಹೌಸಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದವನು ನಾನು. ಆಗ ನಮ್ಮ ಊರು ಕುಡಿಯುತ್ತಿದ್ದದ್ದು ಕೊಳವೆಬಾವಿಗಳ ನೀರು. ನದಿನೀರಿನ ದೊಡ್ಡ ಪೈಪು ಬಂದ ವರ್ಷ, ಬಾವಿಗಳ ಪಂಪು ನಿಲ್ಲಿಸಿ ಎಂಬ ಆದೇಶ ಬಂತು. "ಮೇಲೆತ್ತದೇ ಇದ್ರೆ ಈ ನೀರು ಎಲ್ಲಿಗೆ ಹೋಗುತ್ತೆ ಸಾರ್?" ಎಂದು ಆಗಿನ ಅಧಿಕಾರಿಯನ್ನು ಕೇಳಿದೆ. "ಇದ್ದಲ್ಲೇ ಇರುತ್ತೆ ಕಣಯ್ಯಾ, ಸೈನ್ ಹಾಕು" ಎಂದರು. ನೀರು ಇದ್ದಲ್ಲೇ ಇರುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೆ ನಿವೃತ್ತಿಗೆ ಎಂಟೇ ತಿಂಗಳಿತ್ತು. ಸಹಿ ಹಾಕಿದೆ, ಸ್ವಿಚ್ಚು ಆರಿಸಿದೆ, ಮನೆಗೆ ಬಂದೆ.

ಪಕ್ಕದ ಮನೆಯ ದೆಲ್ಫೀನಾ ಆ ಮನೆಯ ನೆಲಮಾಳಿಗೆಯಲ್ಲಿ ಶಾಲಾಮಕ್ಕಳ ಬಿಳಿ ನಿಲುವಂಗಿ ಹೊಲಿಯುತ್ತಿದ್ದರು. ಗಂಡ ಅನ್ಸೆಲ್ಮೋ ಗುಂಡಿ ಹಚ್ಚಿ ಕೊಡುತ್ತಿದ್ದ. ಬೀದಿಯಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವುದು ಅವರ ಮನೆ. ಹಾಗಾಗಿ ನೀರು ಮೊದಲು ಬಂದದ್ದು ಅಲ್ಲಿಗೆ. ಕಳೆದ ಜುಲೈನಲ್ಲಿ, ಹನಿ ಮಳೆಯಿಲ್ಲದ ವಾರ, ಮೂಲೆಯಲ್ಲಿ ಒದ್ದೆ ಕಾಣಿಸಿತು. ಅನ್ಸೆಲ್ಮೋ ನನ್ನನ್ನು ಕೆಳಗೆ ಕರೆದುಕೊಂಡು ಹೋದ.

"ನೀರಿನ ವಿಷಯ ನಿಂಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಬಾಲ್ದೋಮೆರೋ? ನೋಡಿ ಹೇಳು. ಇದೆಲ್ಲಿಂದ ಬರ್ತಿದೆ?"

ಮುಟ್ಟಿ ನೋಡಿದೆ. ನಾನು ಎತ್ತದೆ ಬಿಟ್ಟ ನೀರು ತಾನಾಗಿಯೇ ಎದ್ದು ಬಂದಿತ್ತು. ನಿಜ ಹೇಳಿದರೆ ಸಹಿ ಯಾರದು ಎಂಬ ಮಾತು ಬರುತ್ತದೆ.

"ನೆಲದಡಿ ಪೈಪು ಒಡೆದಿರಬೇಕು ಕಣೋ" ಎಂದೆ.

ನಂಬಿದ. ಮರುದಿನವೇ ಹಾರೆ, ಸುತ್ತಿಗೆ ಹಿಡಿದು ಕಾಂಕ್ರೀಟ್ ಒಡೆದ. ನೀರನ್ನು ಅಷ್ಟುದಿನ ಅದುಮಿಟ್ಟಿದ್ದದ್ದು ಆ ಕಾಂಕ್ರೀಟೇ, ಮಾನ್ಯರೇ. ಮಧ್ಯಾಹ್ನ ಕೂಗು ಕೇಳಿ ನಾನು ಓಡಿದಾಗ ಬಿಳಿ ಬಟ್ಟೆಯ ಸುರುಳಿಗಳು ಕೆಸರುನೀರಿನಲ್ಲಿ ತೇಲುತ್ತಿದ್ದವು. ಹೊಲಿಗೆ ಮಿಷನ್ ಎತ್ತಲು ಹೋದ ಅನ್ಸೆಲ್ಮೋ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದ. ಈಗ ಕೋಲಿಲ್ಲದೆ ನಡೆಯಲಾರ. ಆಸ್ಪತ್ರೆಗೆ ಕಿತ್ತಳೆ ತೆಗೆದುಕೊಂಡು ಹೋದರೆ ಅವನೇ ನನಗೆ ಸಮಾಧಾನ ಹೇಳಿದ: "ನೀನು ಸರಿಯಾಗೇ ಹೇಳಿದ್ದೆ ಮಾರಾಯಾ. ನಾನೇ ತಪ್ಪು ಜಾಗ ಒಡೆದೆ."

ಕಿತ್ತಳೆ ಸುಲಿದು ಅವನ ಕೈಗಿಟ್ಟು ಮನೆಗೆ ಬಂದೆ.

ಕಳೆದ ಭಾನುವಾರ ದೆಲ್ಫೀನಾ ತಾವು ಕಳಿಸಿದ ಉತ್ತರದ ಪತ್ರ ಹಿಡಿದು ಬಂದರು. "ನೋಡಿ, ಇಲಾಖೆಯವ್ರೂ ನೀವು ಹೇಳಿದ್ದನ್ನೇ ಹೇಳಿದ್ದಾರೆ. ಗೋಡೆ ಪಕ್ಕದ ನೆಲಾನೂ ಒಡೆಸಿ ನೋಡ್ತೀವಿ." ಇನ್ನು ಸುಮ್ಮನಿರಲಾಗಲಿಲ್ಲ. ಅವರ ಮನೆಗೇ ಹೋಗಿ, ಇಬ್ಬರ ಮುಂದೆಯೂ ಎಲ್ಲವನ್ನೂ ಹೇಳಿದೆ. ಅನ್ಸೆಲ್ಮೋ ಎದ್ದು, ಕೋಲೂರಿಕೊಂಡು ಒಳಗೆ ಹೋದ.

"ಒಂದು ವರ್ಷ ನಮ್ ಜೊತೆ ಒಂದೇ ಸೋರೆಬುರುಡೇಲಿ ಯೆರ್ಬಾ ಎಲೆ ಚಹಾ ಹೀರಿದ್ರಲ್ಲಾ" ಎಂದರು ದೆಲ್ಫೀನಾ. "ಗಂಟಲಲ್ಲಿ ಇಳೀತಿತ್ತಾ?"

"ಇಳೀತಿರ್ಲಿಲ್ಲ ಕಣಮ್ಮಾ."

"ಹಾಗಿದ್ರೆ ನಮ್ಮಿಬ್ರ ಹತ್ರ ಮಾತ್ರ ಹೇಳಿ ಹಗುರ ಆಗ್ಬೇಡಿ. ಬರೀರಿ. ಊರಿಗೆಲ್ಲಾ ಗೊತ್ತಾಗ್ಲಿ."

ಆದ್ದರಿಂದ ಬರೆದಿದ್ದೇನೆ. ಬಾವಿಗಳ ಪಂಪು ಮತ್ತೆ ಶುರುಮಾಡಿಸಿ. ಅದಕ್ಕೆ ಸಭೆ, ಸಮಿತಿ, ವರದಿ ಎಂದು ತಾವು ಎಷ್ಟು ಕಾಲ ತೆಗೆದುಕೊಳ್ಳುವಿರೆಂದು ಬಲ್ಲೆ. ಆದರೆ ಒಂದು ಕೆಲಸ ಇವತ್ತೇ ಆಗಬೇಕು: ಇದು ಅಂತರ್ಜಲ, ಯಾರೂ ನೆಲ ಒಡೆಯಬೇಡಿ ಎಂದು ಹದಿನೇಳು ಮನೆಗೂ ಬರೆದು ತಿಳಿಸಿ. ಮೂಲೆಮನೆಯವರು ಆಗಲೇ ಸುತ್ತಿಗೆ ತಂದಿಟ್ಟಿದ್ದಾರೆ. ಬೇಡವೆಂದು ಹೇಳಲು ಇಂದು ಬೆಳಿಗ್ಗೆ ಅವರ ಬಾಗಿಲಿಗೆ ಹೋಗಿದ್ದೆ. "ಇಲಾಖೆ ಪತ್ರಕ್ಕೆ ಸೀಲ್ ಇದೆ. ನಿಮ್ ಮಾತಿಗೇನಿದೆ?" ಎಂದು ಕೇಳಿದರು.

ಇಂತಿ,
ಅನ್ಸೆಲ್ಮೋ ಈಗ ಮಾತಾಡಿಸದ ಅವನ ನೆರೆಮನೆಯವ,
ಬಾಲ್ದೋಮೆರೋ ಇರಿಯಾರ್ತೆ