ಲೈನ್‌ನಲ್ಲೇ ಇರಿ ಎಂದವರಿಗೆ

ವಾಹಿನಿಯ ಮುಖ್ಯಸ್ಥರಿಗೆ,

ಮಾನ್ಯರೇ, ಅಕ್ಷರ ಸೊಟ್ಟಗಿದ್ದರೆ, ಒತ್ತಕ್ಷರ ತಪ್ಪಿದ್ದರೆ ಕ್ಷಮಿಸಿ. ನಾನು ಓದಿದ್ದು ಐದನೇ ತರಗತಿವರೆಗೆ. ಈ ಬಹಿರಂಗ ಪತ್ರದ ತಪ್ಪುಗಳನ್ನು ತಿದ್ದಿ ಅಚ್ಚು ಹಾಕುತ್ತೇವೆ ಎಂದು ಪತ್ರಿಕೆಯವರು ಹೇಳಿದ್ದಾರೆ. ವಿಷಯವನ್ನು ಮಾತ್ರ ಯಾರೂ ತಿದ್ದುವುದು ಬೇಡ. ಲೋಕದ ಆಗುಹೋಗುಗಳ ಬಗ್ಗೆ ನೀವು ನಡೆಸುವ ಸಂದರ್ಶನ ಕಾರ್ಯಕ್ರಮದಲ್ಲಿ ನನ್ನ ಅಣ್ಣ ಅರುಣನಿಗೆ 'ಲೈನ್‌ನಲ್ಲೇ ಇರಿ' ಎಂದಿರಿ. ಆಮೇಲೆ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಅಣ್ಣ ಕೊಲ್ಲಿಯ ಕಡೆಯ ಒಂದು ಬಂದರಿನ ಗೋದಾಮಿನಲ್ಲಿ ಮೂಟೆ ಇಳಿಸುವ ಕೆಲಸಕ್ಕಿದ್ದ. ಅಲ್ಲಿ ಬಾಂಬು ಬೀಳತೊಡಗಿದ ವಾರ ನಿಮ್ಮವರೇ ನಂಬರ್ ಹುಡುಕಿ ಅವನಿಗೆ ಫೋನ್ ಮಾಡಿದರು. ನಾವಿರುವುದು ಕಾಫಿ ಎಸ್ಟೇಟಿನಲ್ಲಿ, ಕೆಲಸದವರ ಸಾಲುಮನೆಯಲ್ಲಿ. ಇದಕ್ಕೆ ಲೈನ್ ಎನ್ನುತ್ತಾರೆ. ಆ ಸಂಜೆ ಲೈನಿನವರೆಲ್ಲ ನಮ್ಮ ಟೀವಿ ಮುಂದೆ ಕೂತಿದ್ದರು. ಸೂಟು ಹಾಕಿದ ಇಬ್ಬರು ತಜ್ಞರ ನಡುವೆ ಚೌಕದೊಳಗೆ ಅಣ್ಣನ ಫೋಟೋ ಬಂತು. 'ಹಲೋ, ಸಾರ್, ಕೇಳಿಸ್ತೈತಾ? ನಾವಿಲ್ಲಿ...' ಎಂದ. ಅಷ್ಟರಲ್ಲಿ ತಜ್ಞರೊಬ್ಬರಿಗೆ ಕಚ್ಚಾ ತೈಲದ ಬೆಲೆ ನೆನಪಾಯಿತು. ಸಂದರ್ಶಕರು, 'ಅರುಣ್, ಲೈನ್‌ನಲ್ಲೇ ಇರಿ, ಮತ್ತೆ ನಿಮ್ಮ ಹತ್ತಿರ ಬರ್ತೀವಿ' ಎಂದರು. ತೈಲ ಮುಗಿದು ಹಡಗು ಬಂತು, ಹಡಗು ಮುಗಿದು ದೊಡ್ಡ ದೇಶಗಳ ಮುನಿಸು ಬಂತು, ಕೊನೆಗೆ ಕುಕ್ಕರಿನ ಜಾಹೀರಾತು ಬಂತು. ಅಣ್ಣ ಬರಲಿಲ್ಲ. ಬಾಂಬಿನ ಕೆಳಗೆ ನಿಂತವನಿಗಿಂತ ಬಾಂಬಿನ ಬಗ್ಗೆ ಹೆಚ್ಚು ತಿಳಿದವರು ಸ್ಟುಡಿಯೋದಲ್ಲೇ ಇರುವಾಗ ಅವನ ಮಾತು ನಿಮಗೇಕೆ ಬೇಕು, ಅಲ್ಲವೇ?

ಅವನ ಜೊತೆ ಕೆಲಸಕ್ಕಿದ್ದ ಸುನಿಲ್‌ಕುಮಾರ್ ಊರಿಗೆ ಮರಳಿದ್ದಾನೆ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: 'ನಮ್ಮನ್ನ ಕರ್ಕೊಂಡ್ ಹೋಗೋಕೆ ಬಸ್ ಬಂತು. ಅರುಣ ಸಿಗ್ನಲ್ ಸಿಗ್ಲಿ ಅಂತ ಗೇಟಿನಾಚೆ ನಿಂತಿದ್ದ, ಫೋನ್ ಕಿವೀಲೇ ಐತೆ. ಬಾರೋ ಮಾರಾಯ ಅಂದ್ರೆ, ಟೀವಿಯೋರು ಇರು ಅಂದವ್ರೆ ಕಣೋ, ನಮ್ಮವ್ವ ನೋಡ್ತಾ ಕೂತಿರ್ತಾಳೆ, ಮುಂದಿನ ಬಸ್ಸಿಗೆ ಬತ್ತೀನಿ ಅಂದ್ಬುಟ್ಟ.' ಮುಂದಿನ ಬಸ್ಸು ಬರಲೇ ಇಲ್ಲವಂತೆ. ಅಣ್ಣ ಸತ್ತವರಲ್ಲೂ ಇಲ್ಲ, ಬಂದವರಲ್ಲೂ ಇಲ್ಲ.

ಸುಮ್ಮನೆ ಫೋನ್ ಇಟ್ಟು ಬಸ್ಸು ಹತ್ತಬಾರದಿತ್ತೇ ಎಂದು ನೀವು ಕೇಳಬಹುದು. ನಮ್ಮ ಕಡೆ ತೋಟಕ್ಕೆ ಆನೆ ಬಂದಾಗ ಎಸ್ಟೇಟಿನ ಗುಮಾಸ್ತರಾದ ಜೆರಾಲ್ಡ್ ರೈಟರ್ ಬೈಕಿನಲ್ಲಿ ಬಂದು ಕೂಗುತ್ತಾರೆ: 'ಕೆರೆ ಹತ್ರ ನಿಂತೈತೆ ಕಣ್ರೀ, ಯಾರೂ ಇಳೀಬೇಡಿ, ಲೈನಲ್ಲೇ ಇರಿ!' ಇರಿ ಎಂದವರೇ ಮರಳಿ ಬಂದು ಹೋಗಿ ಎನ್ನುವವರೆಗೆ ಯಾರೂ ಕದಲುವುದಿಲ್ಲ. ಹಾಗೆ ಕದಲದೆ ಇದ್ದುದರಿಂದಲೇ ನಾವು ಬದುಕಿದ್ದೇವೆ. ಅಣ್ಣ ಹುಟ್ಟಿದಾಗಿನಿಂದ ಕೇಳಿದ ಮಾತನ್ನೇ ನಿಮ್ಮವರು ಆಡಿದರು. ಆದರೆ ರೈಟರ್ ಯಾವತ್ತೂ ಮರಳಿ ಬರದೆ ಇದ್ದದ್ದಿಲ್ಲ.

ಅವ್ವ ಈಗ ಲೈನ್ ಬಿಟ್ಟು ಕದಲುವುದಿಲ್ಲ, ಕೆಲಸಕ್ಕೆ ಹೋಗುವುದನ್ನೂ ಬಿಟ್ಟಿದ್ದಾಳೆ. ಮೊನ್ನೆ ಪಕ್ಕದ ಮನೆಯ ಲಿಂಗಪ್ಪಣ್ಣ, 'ಟೀವಿಯೋರು ಹೇಳಿದ್ದು ಫೋನಿನ ಲೈನು ಕಣಕ್ಕ, ನಮ್ ಲೈನಲ್ಲ' ಎಂದು ತಿಳಿಹೇಳಲು ನೋಡಿದರು.

'ಯಾವ್ ಲೈನಾದ್ರೇನ್ಲಾ? ಇರು ಅಂದೋರು ಹೋಗು ಅನ್ಬೇಕೋ ಬ್ಯಾಡ್ವೋ? ನನ್ ಮಗ ಅಲ್ಲೇ ನಿಂತವ್ನೆ' ಎಂದಳು ಅವ್ವ.

ಲಿಂಗಪ್ಪಣ್ಣ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದರು.

ಇಷ್ಟು ಸಾಲದೆಂದು ಅಣ್ಣನ ಧ್ವನಿಯನ್ನು ನಿಮ್ಮ ಕಾರ್ಯಕ್ರಮದ ಪ್ರಚಾರಕ್ಕೆ ಹಾಕಿಕೊಂಡಿದ್ದೀರಿ. ದಿನಾ ಬೆಳಿಗ್ಗೆ ಸೈರನ್ ಸದ್ದಿನ ಹಿಂದೆ, 'ಹಲೋ, ಸಾರ್, ಕೇಳಿಸ್ತೈತಾ?' ಅವ್ವ ತೊಳೆಯುತ್ತಿದ್ದ ಪಾತ್ರೆ ಬಿಟ್ಟು ಓಡಿ ಬಂದು, 'ಕೇಳಿಸ್ತೈತೆ ಕಣಪ್ಪ, ಹೇಳು' ಎನ್ನುತ್ತಾಳೆ. ಅಷ್ಟರಲ್ಲಿ ನಿಮ್ಮ ಸಂಗೀತ ಶುರುವಾಗಿರುತ್ತದೆ. ಹೊಸಬರ ಎದುರು ಬಾಯಿ ಬಾರದ ನಾನು ಧೈರ್ಯ ಮಾಡಿ ನಿಮ್ಮ ಕಚೇರಿಗೆ ಫೋನ್ ಮಾಡಿದೆ. 'ಲೈನ್‌ನಲ್ಲೇ ಇರಿ ಮೇಡಂ' ಎಂದರು. ಬ್ಯಾಟರಿ ಮುಗಿಯುವವರೆಗೆ ಇದ್ದೆ.

ನಾನು ಕೇಳುವುದು ಇಷ್ಟೇ. ಆ ಸಂಜೆ ಕಾಯುತ್ತಾ ನಿಂತವನು ಏನಾದರೂ ಹೇಳಿದ್ದು ನಿಮ್ಮ ರೆಕಾರ್ಡಿಂಗ್‌ನಲ್ಲಿದ್ದರೆ ನಮಗೆ ಕೇಳಿಸಿ. ಇಲ್ಲವಾದರೆ ಅದೇ ಕಾರ್ಯಕ್ರಮದಲ್ಲಿ, ಅದೇ ಸಂದರ್ಶಕರ ಬಾಯಿಂದ, 'ಅರುಣ್, ನೀವಿನ್ನು ಹೋಗಬಹುದು' ಎಂದು ಹೇಳಿಸಿ. ಅವ್ವ ಅದನ್ನು ಕೇಳಬೇಕು. ಎಲ್ಲಿದ್ದರೂ ಅವನೂ ಕೇಳಲಿ.

ಇವತ್ತು ಬೆಳಿಗ್ಗೆ, ಆ ಧ್ವನಿ ಇನ್ನು ಮನೆಯೊಳಗೆ ಬಾರದಿರಲಿ ಎಂದು ಡಿಶ್ ತಿರುಗಿಸಿಬಿಡಲು ಸೂರು ಹತ್ತಿದೆ. ಕೈ ಹಾಕುವ ಹೊತ್ತಿಗೆ ಒಳಗೆ 'ಹಲೋ' ಎಂದಿತು. ಡಿಶ್ ಮೇಲೆ ಅಂಟಿಕೊಂಡಿದ್ದ ತೋಟದ ನೆರಳಿಗೆ ನೆಟ್ಟ ಸಿಲ್ವರ್ ಮರದ ಎಲೆಗಳನ್ನು ತೆಗೆದು, ದುಪಟ್ಟಾದಿಂದ ಚೆನ್ನಾಗಿ ಒರೆಸಿ, ಕೆಳಗಿಳಿದೆ.

ಇಂತಿ,
ನಿಮ್ಮ ಕಾರ್ಯಕ್ರಮವನ್ನು ತಪ್ಪದೆ ನೋಡುವ ಮನೆಯ
ಹೇಮಶ್ರೀ
ಯಸಳೂರು ಹೋಬಳಿ, ಸಕಲೇಶಪುರ ತಾಲ್ಲೂಕು