ಖಾಲಿ ಮಗ್ಗ

ಬೆಟಗೇರಿ, ಸೋಮವಾರ

ತಂಗಿ ಅನುರಾಧಾಳಿಗೆ ಅಕ್ಕನ ಆಶೀರ್ವಾದಗಳು.

ಈಗ ಸಂಜೆ ಐದು ಗಂಟೆ. ಇವತ್ತು ಸೀರೆ ಮುಗಿಸಿ ಮಗ್ಗದಿಂದ ಇಳಿಸಿದೆ. ಮಧ್ಯಾಹ್ನ ಆಸ್ಪತ್ರೆಯ ನರ್ಸ್ ಫೋನ್ ಮಾಡಿದ್ದರು. “ಚೌಡವ್ವಾರ, ನಾಳಿಗೆ ಮೂರನೇ ಸಲ ತಾರೀಖು ಕೊಟ್ಟೀನ್ರಿ. ನೋಡೋ ನಮಗ ನಾಚಿಕಿಲ್ಲ, ತೋರ್ಸಾಕ ನಿಮಗ್ಯಾಕ್ರಿ?”

ಹೋದ ವರ್ಷ ಗುದದ್ವಾರದ ಕ್ಯಾನ್ಸರ್ ತಪಾಸಣೆಗೆ ನನ್ನನ್ನು ನಿನ್ನ ಭಾವನೇ ಕರೆದೊಯ್ದಿದ್ದರು. ಇನ್ನೂ ಕ್ಯಾನ್ಸರ್ ಅಲ್ಲ, ಆದರೆ ಜೀವಕೋಶಗಳು ಬದಲಾಗಿವೆ, ಆರು ತಿಂಗಳಿಗೆ ಮತ್ತೆ ತೋರಿಸಲೇಬೇಕು ಎಂದಿದ್ದರು ಡಾಕ್ಟರು. ನಿನ್ನ ಭಾವ ತೀರಿಕೊಂಡ ಮೇಲೆ ನಾನು ಎರಡು ತಾರೀಖು ತಪ್ಪಿಸಿದೆ. ಮಗ್ಗಕ್ಕೆ ಹೊಸ ನೂಲಿನ ಹಾಸು ಏರಿಸಿದ ದಿನ ಮನೆ ಬಿಡಬಾರದೆಂಬುದು ನಮ್ಮ ರೂಢಿಯಲ್ಲವೇ? ಎರಡು ಸಲವೂ ಬೇಕೆಂದೇ ತಾರೀಖಿನ ದಿನವೇ ಹಾಸು ಏರಿಸಿದೆ.

ಹದಿನೈದು ದಿನದಿಂದ ರಕ್ತ ಕಾಣುತ್ತಿದೆ.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಗದಗ ಬಸ್ ನಿಲ್ದಾಣಕ್ಕೆ ಬಾ. ತಪಾಸಣೆಯ ಕೋಣೆಯೊಳಗೆ ಬರುವುದು ಬೇಡ, ಬಾಗಿಲ ಹೊರಗಿನ ಬೆಂಚಿನ ಮೇಲೆ ಕುಳಿತಿರು. ಹೋದ ಸಲ ನಿನ್ನ ಭಾವ ಅಲ್ಲೇ ಕುಳಿತಿದ್ದರು. ಅಣ್ಣ ಕೇಳಿದರೆ ನನಗೆ ಮೊಣಕಾಲು ನೋವು ಎಂದು ಹೇಳು.

ಇವತ್ತು ಹೊಸ ಹಾಸು ತಂದಿದ್ದ ತಿರಕಪ್ಪನಿಗೆ ಬುಧವಾರ ಬಾ ಎಂದೆ. ಈ ಪತ್ರವನ್ನು ಅಂಟಿಸಿ ಅವನ ಕೈಯಲ್ಲೇ ಇವತ್ತೇ ಕಳಿಸುತ್ತಿದ್ದೇನೆ. ನಾಳೆ ಮಗ್ಗ ಖಾಲಿ ಇರುತ್ತದೆ.

ನಿನ್ನ ಅಕ್ಕ,
ಚೌಡವ್ವ